ತಾರಾಬಾಯಿಯ ಕಣ್ಣು, ಅಕ್ಕುತಾಯಿಯ ಮೊಣಕಾಲು

ಅಲಖನೂರ
5 ಆಗಸ್ಟ್ 2024

ನಿಪ್ಪಾಣಿಯ ಅಕ್ಕುತಾಯಿ ಅಜ್ಜಿಗೆ ಮೊಮ್ಮಗಳು ಮಯೂರಿಯ ನಮಸ್ಕಾರ.

ಫೋನಿನಲ್ಲಿ ಎರಡು ನಿಮಿಷದ ಮಾತಿದು. ಆದರೆ ನೀವು ಚಾತುರ್ಮಾಸ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲ, ನಿಪ್ಪಾಣಿಯ ಸೀಮೆ ದಾಟುವುದಿಲ್ಲ ಎಂದು ಬಸದಿಯಲ್ಲಿ ಎರಡೆರಡು ನಿಯಮ ಹಿಡಿದು ಕುಳಿತಿದ್ದೀರಂತೆ. ಊರವರೆಲ್ಲ ನಾಲ್ಕು ತಿಂಗಳು ಕಾಯಿಪಲ್ಯೆ ಬಿಡುತ್ತಾರೆ, ನೀವು ಮೊಮ್ಮಕ್ಕಳನ್ನೇ ಬಿಟ್ಟಿರಿ. ನನ್ನ ಅಂಗಡಿಯಲ್ಲಿ ನಾನೊಬ್ಬಳೇ, ಬಾಗಿಲು ಹಾಕಿ ಅಲ್ಲಿಯವರೆಗೆ ಬರಲು ಆಗುವುದಿಲ್ಲ. ಅದಕ್ಕೇ ಫಾರ್ಮಸಿ ಪರೀಕ್ಷೆಯ ನಂತರ ಮೊದಲ ಸಲ ಇಷ್ಟುದ್ದ ಕೈಬರಹ ಬರೆಯುತ್ತಿದ್ದೇನೆ.

ಅಕ್ಟೋಬರ್ 6ರ ರವಿವಾರ ಅಜ್ಜನ ಮೊದಲ ಪುಣ್ಯಸ್ಮರಣೆ. ಚಿಕ್ಕೋಡಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ನಮ್ಮ ನಿಖಿಲಣ್ಣ ಒಂದು ಪುಸ್ತಕ ತರುತ್ತಾನಂತೆ. ಜೊತೆಗೆ ಹನ್ನೆರಡು ಅಡಿಯ ಫ್ಲೆಕ್ಸು. ಅಜ್ಜನ ಫೋಟೋ ದೊಡ್ಡದು, ಪಕ್ಕದಲ್ಲಿ ಆಯಿಯ ಫೋಟೋ, ಕೆಳಗೆ ‘ಧರ್ಮಪತ್ನಿ ತಾರಾಬಾಯಿ’. ಅವನ ಕೈಗೆ ಸಿಕ್ಕರೆ ಹುಟ್ಟುಹಬ್ಬದ ಹುಡುಗರೆಲ್ಲ ಯುವ ನೇತಾರರಾಗುತ್ತಾರೆ, ಇನ್ನು ಅಜ್ಜನನ್ನು ಏನು ಮಾಡುತ್ತಾನೋ ಎಂದು ಹೆದರಿ, ಮಾಹಿತಿ ಕೂಡಿಸುವ ಕೆಲಸ ನಾನೇ ಇಸಿದುಕೊಂಡೆ.

ನನಗೆ ಗೊತ್ತಿರುವುದು ಇಷ್ಟು. ನಿಮ್ಮ ಅಣ್ಣ ಭೀಮಗೊಂಡ ಎಂಬತ್ತಮೂರು ವರ್ಷ ಬದುಕಿದರು. ಕಬ್ಬು ಬೆಳೆದರು. ಸುತ್ತಲಿನ ಒಂದು ಮದುವೆಯನ್ನೂ ತಪ್ಪಿಸಲಿಲ್ಲ. ಪ್ರತಿ ಮದುವೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದು, ಮರುದಿನ ಮುಟ್ಟಿಸಲು ಹೋಗಿ, ಆ ಮನೆಯಲ್ಲೂ ಉಂಡು ಬರುತ್ತಿದ್ದರು. ನಾನು ರಾಯಬಾಗದಲ್ಲಿ ಔಷಧ ಅಂಗಡಿ ತೆರೆದ ದಿನ ಬಾಗಿಲು ಎತ್ತುವ ಮೊದಲೇ ಬಂದು ನಿಂತು ಮೊದಲ ಗಿರಾಕಿಯಾದರು. ಕೊಂಡದ್ದು ನಿಮ್ಮ ಮೊಣಕಾಲಿಗೆ ಎಣ್ಣೆ. ತಿಂಗಳಿಗೊಮ್ಮೆ ನಿಮ್ಮ ಮೊಣಕಾಲು ನೋಡಲು ನಿಪ್ಪಾಣಿಗೆ ಬರುತ್ತಿದ್ದವರು ಈಗಿಲ್ಲ, ಎಣ್ಣೆಯಾದರೂ ಬರಲಿ ಎಂದು ಎರಡು ಬಾಟಲಿ ಕಳಿಸಿದ್ದೇನೆ.

ಗೊತ್ತಿಲ್ಲದ್ದು ಒಂದೇ. 1983ರಲ್ಲಿ ಅಜ್ಜ, ಆಯಿ, ನೀವು ಊರವರ ಜೊತೆ ಶಿಖರಜಿ ಯಾತ್ರೆಗೆ ಹೋದಿರಿ. ಅಲ್ಲಿ ಅಜ್ಜ, ಆಯಿ ಇಬ್ಬರೂ ಕಂದಮೂಲ ಬಿಟ್ಟರು. ಬಟಾಟೆ, ಉಳ್ಳಾಗಡ್ಡಿ, ನೆಲದೊಳಗೆ ಬೆಳೆಯುವುದು ಯಾವುದೂ ಬೇಡ ಎಂದು. ಅವತ್ತಿನಿಂದ ಬಟಾಟೆ ನಮ್ಮ ಹೊಸ್ತಿಲು ದಾಟಿಲ್ಲ. ಆ ದಿನ ಅಲ್ಲಿದ್ದವರಲ್ಲಿ ಈಗ ಉಳಿದವರು ಆಯಿ ಮತ್ತು ನೀವು. ಆಯಿಯನ್ನು ಕೇಳಿದರೆ ಕಣ್ಣು ಉರಿಯುತ್ತದೆ ಎಂದು ಎದ್ದು ಹೋಗುತ್ತಾರೆ. ಅವರ ಕಣ್ಣಿನ ಕಥೆ ನಿಮಗೂ ಗೊತ್ತು, ತಪಾಸಣೆಗೆ ನಿಪ್ಪಾಣಿಗೆ ಬಂದರೆ ಇಳಿದುಕೊಳ್ಳುವುದು ನಿಮ್ಮಲ್ಲೇ. ನೀವೇ ವಿವರವಾಗಿ ಬರೆಯಿರಿ.

ನಿಮ್ಮ
ಮಯೂರಿ


ನಿಪ್ಪಾಣಿ
13 ಆಗಸ್ಟ್ 2024

ಮಯೂರಿಗೆ ಅಕ್ಕುತಾಯಿಯ ಆಶೀರ್ವಾದ.

ನಿನ್ನ ಪತ್ರ ಬಂತು. ಅಕ್ಷರ ನೋಡಿ ಮೊದಲು ಡಾಕ್ಟರ ಚೀಟಿ ಎಂದುಕೊಂಡೆ. ಔಷಧ ಅಂಗಡಿಯವರಿಗೆ ಆ ರೋಗ ಅಂಟುತ್ತದೆ ಎಂದು ಕಾಣುತ್ತದೆ. ಎಣ್ಣೆಯೂ ಮುಟ್ಟಿತು. ಮೊಣಕಾಲು ಇವೆ.

ಅಣ್ಣನ ವಿಷಯ ಕೇಳಿದ್ದೀಯ, ಬರೆದುಕೋ. ನಾನು ಸಾಲೆ ಕಲಿತದ್ದು ಅವನ ಹೆಗಲ ಮೇಲೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನನ್ನನ್ನು ಎತ್ತಿಕೊಂಡು ದಾಟಿಸುತ್ತಿದ್ದ, ದಾಟಿಸಿ ತಾನು ಮಾತ್ರ ಸಾಲೆಗೆ ಬರದೆ ಹಳ್ಳದಲ್ಲೇ ಈಜುತ್ತಿದ್ದ. ಅದಕ್ಕೇ ನನಗೆ ಅಕ್ಷರ ಬಂತು, ಅವನಿಗೆ ಈಜು ಬಂತು. ನನ್ನ ಮದುವೆಯಾಗಿ ನಿಪ್ಪಾಣಿಗೆ ಕಳಿಸುವಾಗ ಬಸ್ ನಿಲ್ದಾಣದವರೆಗೆ ಬರುತ್ತೇನೆ ಎಂದವನು ಬಸ್ಸು ಹತ್ತಿದ, ಹತ್ತಿದವನು ಇಳಿಯಲಿಲ್ಲ. ಚಿಕ್ಕೋಡಿಯಲ್ಲಿ ನಮ್ಮ ಮಾವನವರು ಕೈ ಮುಗಿದು ಇಳಿಸಬೇಕಾಯಿತು. ಇಳಿಯುವಾಗ ಮಾವನವರ ಚಪ್ಪಲಿ ಮೆಟ್ಟಿಕೊಂಡೇ ಇಳಿದ. ಚಪ್ಪಲಿಯ ಚಟ ಅಲ್ಲಿಂದ ಶುರುವಾದದ್ದು, ಮದುವೆಗಳಿಂದ ಅಲ್ಲ. ಪುಸ್ತಕದಲ್ಲಿ ಸರಿಯಾಗಿ ಹಾಕಿರಿ.

ಜಗಳವಾಡುವವರನ್ನು ಕಂಡರೆ ನಡುವೆ ಹೋಗಿ ಕುಳಿತು, ಮೊದಲು ಚಹಾ ಮಾಡಿಸಿರಿ ಅನ್ನುತ್ತಿದ್ದ. ಚಹಾ ಬರುವ ಹೊತ್ತಿಗೆ ಅವರು ಇವನ ಮಾತು ಕೇಳಿ ಬೇಸತ್ತು ಒಂದಾಗಿರುತ್ತಿದ್ದರು. ಅದನ್ನೂ ಬರೆ.

ಶಿಖರಜಿಯ ವಿಷಯ. ಬೆಟ್ಟ ಎತ್ತರ ಇತ್ತು. ಚಳಿ ಇತ್ತು. ಹತ್ತಿದೆವು, ಇಳಿದೆವು. ಅಷ್ಟು ಸಾಕು. ಊಟ ತಿಂಡಿಯ ಮಾತು ಪುಸ್ತಕದಲ್ಲಿ ಬೇಡವೇ ಬೇಡ. ಒಬ್ಬ ಮನುಷ್ಯ ಎಂಬತ್ತಮೂರು ವರ್ಷ ಬದುಕಿದ್ದಾನೆ, ನಿಮಗೆ ಅವನು ಬಿಟ್ಟ ಬಟಾಟೆಯೇ ಕಾಣಬೇಕೇ?

ನಿಮ್ಮ ಆಯಿ, ನನ್ನ ವೈನಿ, ಆಕೆಯ ಕಣ್ಣು ಈಗ ಹೇಗಿವೆ?

ಅಕ್ಕುತಾಯಿ


ರಾಯಬಾಗ, ಅಂಗಡಿಯಿಂದ
24 ಆಗಸ್ಟ್ 2024

ಅಜ್ಜಿಗೆ ನಮಸ್ಕಾರ.

ಹಳ್ಳದ ಕಥೆ ಓದಿ ಆಯಿ ಬಹಳ ನಕ್ಕರು. ಶಿಖರಜಿಯ ಬೆಟ್ಟವನ್ನು ನೀವು ಹತ್ತಿದ್ದಕ್ಕಿಂತ ಬೇಗ ಇಳಿದುಬಿಟ್ಟಿದ್ದೀರಿ. ನಿಖಿಲಣ್ಣ ಅಷ್ಟಕ್ಕೆ ಬಿಡುವವನಲ್ಲ. ‘ಆಜೀವ ಕಂದಮೂಲ ತ್ಯಾಗಿ, ನಾಲ್ಕು ದಶಕ ಬಟಾಟೆಯ ನೆರಳನ್ನೂ ತುಳಿಯದ ಮಹಾಪುರುಷ’ ಎಂದು ಬರೆದುಕೊಂಡಿದ್ದಾನೆ. ಬಟಾಟೆ ಮಣ್ಣೊಳಗೆ ಇರುತ್ತದೆ, ಅದಕ್ಕೆ ನೆರಳೆಲ್ಲಿ ಬಂತು ಎಂದೆ. ಅದಕ್ಕೇ ತುಳಿದಿಲ್ಲ ಎಂದ.

ಅಜ್ಜಿ, ಇಲ್ಲಿಂದ ಮುಂದೆ ಓದಿದ್ದನ್ನು ಯಾರಿಗೂ ಹೇಳಬೇಡಿ. ಆ ಸಾಲು ಸುಳ್ಳು. ಅಜ್ಜ ಪ್ರತಿ ಸೋಮವಾರ ಬ್ಯಾಂಕಿನ ಕೆಲಸವೆಂದು ರಾಯಬಾಗಕ್ಕೆ ಬರುತ್ತಿದ್ದರು. ನನ್ನ ಅಂಗಡಿಯೊಳಗೆ ಔಷಧದ ಡಬ್ಬಿಗಳ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತು, ಎದುರಿನ ಹೋಟೆಲಿನಿಂದ ಎರಡು ಬಟಾಟೆ ವಡಾ ತರಿಸಿಕೊಂಡು ತಿನ್ನುತ್ತಿದ್ದರು. ಆರು ವರ್ಷ. ಮೊದಲ ದಿನ ನಾನು ಬಾಯಿ ತೆರೆದು ನಿಂತಾಗ, “ನಿಮ್ಮ ಆಯಿಗೆ ಗೊತ್ತಾದ್ರ ನನಗ ಮಾರಿ ತೋರಸಾಕ ಆಗೂದಿಲ್ಲವ್ವಾ. ಇದು ನಿನಗ ನನಗ ಇಬ್ಬರಿಗೇ ಇರಲಿ” ಎಂದರು. ಅವರು ತಿಂದು ಮುಗಿಸಿ ಮೀಸೆ ಒರೆಸಿಕೊಳ್ಳುವಾಗಿನ ಮುಖ ನೋಡಿದರೆ ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅಜ್ಜನ ವ್ರತ ಕೆಡಿಸಿದ ಪಾಪ ನನ್ನ ತಲೆಯ ಮೇಲಿದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಈ ವರ್ಷ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ ಇದೆ. ಪುಣ್ಯಸ್ಮರಣೆಯ ದಿನ ಅವರ ಮುಂದೆ, ಅಜ್ಜನ ಹೆಸರಿನಲ್ಲಿ, ಸಾಯುವವರೆಗೆ ಕಂದಮೂಲ ಬಿಡುವ ನಿಯಮ ತೆಗೆದುಕೊಳ್ಳುತ್ತೇನೆ ಎಂದು ಆಯಿ ಹಟ ಹಿಡಿದಿದ್ದಾರೆ. ಇದ್ದ ವ್ರತವನ್ನೇ ಮತ್ತೆ ಯಾಕೆ ತೆಗೆದುಕೊಳ್ಳುತ್ತೀರಿ ಎಂದೆ. “ಈ ಸಲ ಮನಸಿಟ್ಟು ತಗೊಳ್ತೀನಿ” ಎಂದರು. ನನಗೆ ಅರ್ಥವಾಗಲಿಲ್ಲ. ಮಹಾರಾಜರ ಮುಂದೆ ಹಿಡಿದರೆ ಹಿಂದೆಗೆಯಲು ಬರುವುದಿಲ್ಲ. ಅಜ್ಜ ನಡೆಸದ ವ್ರತವನ್ನು ಅಜ್ಜನ ಹೆಸರಿನಲ್ಲಿ ಆಯಿ ಸಾಯುವವರೆಗೆ ಹೊರಬೇಕೇ? ಹೇಳಿದರೆ ಅಜ್ಜನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಆಯಿ ಕಟ್ಟುಬೀಳುತ್ತಾರೆ. ಏನು ಮಾಡಲಿ?

ಮಯೂರಿ


ನಿಪ್ಪಾಣಿ
2 ಸೆಪ್ಟೆಂಬರ್ 2024

ಮಯೂರಿಗೆ,

ಎರಡು ವಡಾ? ಪ್ರತಿ ಸೋಮವಾರ? ಆರು ವರ್ಷ?

ಯಾವ ಹೋಟೆಲು ಅದು? ಎಣ್ಣೆ ಎಂಥದು ಹಾಕುತ್ತಿದ್ದರು? ಅವರು ಬಟಾಟೆಯನ್ನು ಕುದಿಸಿ ಕೈಯಲ್ಲಿ ಹಿಸುಕುತ್ತಾರೋ ಒರಳಲ್ಲಿ ಕುಟ್ಟುತ್ತಾರೋ? ಬಸ್ ನಿಲ್ದಾಣದ ಹೋಟೆಲುಗಳಲ್ಲಿ ಹಿಟ್ಟೇ ಹೆಚ್ಚು, ಒಳಗೆ ನೋಡಿದರೆ ಬಟಾಟೆ ನಿಂಬೆಹಣ್ಣಿನಷ್ಟೂ ಇರುವುದಿಲ್ಲ. ಅಂಥದನ್ನು ತಿಂದು ಮೂರು ದಿನಕ್ಕೆ ನನ್ನ ಎದುರು ಬಂದು ಕುಳಿತು, “ಅಕ್ಕೂ, ಇಂಥಾ ವಡಾ ನಾ ಬ್ಯಾರೆ ಎಲ್ಲಿಯೂ ತಿಂದಿಲ್ಲ” ಎಂದು ಹೇಗೆ ಹೇಳಿದ ಅವನು?

ಮೇಲಿನ ಸಾಲನ್ನು ಓದಬೇಡ. ಸಿಟ್ಟಿನಲ್ಲಿ ಬರೆದೆ. ಹೊಡೆದು ಹಾಕಿದರೆ ನೀನು ಬೆಳಕಿಗೆ ಹಿಡಿದು ಓದುತ್ತೀ, ಅದಕ್ಕೇ ಹಾಗೆಯೇ ಬಿಟ್ಟಿದ್ದೇನೆ. ಹೊಸ ಕಾಗದ ತರಬೇಕೆಂದರೆ ಅಂಗಡಿ ದೂರ, ನನ್ನ ಮೊಣಕಾಲಿನ ಸ್ಥಿತಿ ನಿನಗೆ ಗೊತ್ತೇ ಇದೆ.

ವೈನಿಯ ವಿಷಯಕ್ಕೆ ಬರುತ್ತೇನೆ. ಆಕೆ ಆ ನಿಯಮ ತೆಗೆದುಕೊಳ್ಳಬಾರದು. ಆಕೆಗೆ ಎಪ್ಪತ್ತೊಂಬತ್ತು ವರ್ಷ. ಬಿಪಿ ಇದೆ ಎನ್ನು. ಬಿಪಿ ಇಲ್ಲವಾದರೆ ಬರುತ್ತದೆ ಎನ್ನು. ಔಷಧ ಅಂಗಡಿ ಯಾಕೆ ಇಟ್ಟಿದ್ದೀ, ಒಂದು ರೋಗ ಹುಡುಕು. ಹೇಗಾದರೂ ತಪ್ಪಿಸು. ಯಾಕೆ ಎಂದು ನನ್ನನ್ನು ಕೇಳಬೇಡ.

ಅಕ್ಕುತಾಯಿ


ಅಲಖನೂರ
9 ಸೆಪ್ಟೆಂಬರ್ 2024

ಅಜ್ಜಿಗೆ,

ಓದಬೇಡ ಎಂದ ಸಾಲನ್ನು ನಾಲ್ಕು ಸಲ ಓದಿದೆ. ಅಂದರೆ ತಿಂಗಳ ಗುರುವಾರಗಳಲ್ಲಿ ಅಜ್ಜ ನಿಪ್ಪಾಣಿಗೆ ಬರುತ್ತಿದ್ದದ್ದು ನಿಮ್ಮ ಮೊಣಕಾಲು ನೋಡಲು ಅಲ್ಲ.

ಅನುಮಾನ ಬಂದು ನಿಖಿಲಣ್ಣನನ್ನು ಹಿಡಿದೆ. ಫ್ಲೆಕ್ಸಿನ ಎದುರಿಗೆ, ಅಜ್ಜನ ಮೂರು ಅಡಿ ಮುಖದ ಮುಂದೆ ನಿಲ್ಲಿಸಿ ಕೇಳಿದೆ. ಅವನು ಅತ್ತುಬಿಟ್ಟ. ಚಿಕ್ಕೋಡಿಗೆ ಹೋದಾಗಲೆಲ್ಲ ಅಜ್ಜ ಅವನ ಅಂಗಡಿಯಲ್ಲಿ ಉಳ್ಳಾಗಡ್ಡಿ ಭಜಿ ತಿನ್ನುತ್ತಿದ್ದರಂತೆ. ಅವನಿಗೂ ಇದು ನಿನಗ ನನಗ ಇಬ್ಬರಿಗೇ ಎಂದೇ ಹೇಳಿದ್ದರಂತೆ. ಆಮೇಲೆ ನಾವಿಬ್ಬರೂ ಅಜ್ಜನಿಗೆ ಯಾರ ಮೇಲೆ ಹೆಚ್ಚು ನಂಬಿಕೆ ಇತ್ತು ಎಂದು ಅರ್ಧ ತಾಸು ಜಗಳವಾಡಿದೆವು. ಮೊದಲು ಚಹಾ ಮಾಡಿಸಿರಿ ಎನ್ನುವವರು ಯಾರೂ ಇರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ ಅಜ್ಜಿ. ಒಬ್ಬರಿಗೆ ಕದ್ದು ಒಂದು ವಡಾ ಕೊಟ್ಟರೆ ಅದು ಪ್ರೀತಿ. ರಾಯಬಾಗದಲ್ಲಿ, ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ ಹೀಗೆ ತಾಲೂಕಿಗೊಂದು ಗುಟ್ಟು ಇಟ್ಟುಕೊಂಡು, ಬಸದಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರನ್ನು ಏನೆಂದು ಕರೆಯಲಿ? ನನ್ನ ಅಜ್ಜ ಸುಳ್ಳು ವ್ರತಸ್ಥರೇ? ಅವರೊಬ್ಬರಿಗಾಗಿ ಆಯಿ ನಲವತ್ತು ವರ್ಷ ನಾಲಿಗೆ ಕಟ್ಟಿದರು. ಈಗ ಅವರ ಎದುರು ಉಣ್ಣಲು ಕೂಡುವುದಕ್ಕೇ ನನಗೆ ನಾಚಿಕೆಯಾಗುತ್ತದೆ.

ನೀವು ಹೇಳಿದಂತೆ ರೋಗವನ್ನೂ ಹುಡುಕಿದೆ. ಬಿಪಿ ಇಲ್ಲ, ಸಕ್ಕರೆ ಇಲ್ಲ. ಕಣ್ಣನ್ನಾದರೂ ನೆಪ ಮಾಡೋಣ ಎಂದು ನಿಪ್ಪಾಣಿಯ ತಪಾಸಣೆಯ ಚೀಟಿಗಳನ್ನು ಹುಡುಕಿದೆ. ನಲವತ್ತು ವರ್ಷದ ತಪಾಸಣೆ, ಮನೆಯಲ್ಲಿ ಒಂದು ಚೀಟಿ ಇಲ್ಲ, ಒಂದು ಹನಿ ಔಷಧ ಇಲ್ಲ, ಚಷ್ಮಾ ಇಲ್ಲ. ಆಯಿ ಅಂಗಳದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದರು. ಔಷಧ ಮಾರುವ ನನಗೆ ಇದು ಇಷ್ಟು ದಿನ ಹೊಳೆಯಲೇ ಇಲ್ಲ.

ನಿಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು? ಇನ್ನು ಬೆಟ್ಟ ಎತ್ತರ ಇತ್ತು, ಚಳಿ ಇತ್ತು ಎಂದು ಬರೆಯಬೇಡಿ. ಇನ್ನು ನಾಲ್ಕೇ ವಾರ ಉಳಿದಿದೆ.

ಮಯೂರಿ


ನಿಪ್ಪಾಣಿ
18 ಸೆಪ್ಟೆಂಬರ್ 2024

ಮಯೂರಿ, ಉತ್ತಮ ಕ್ಷಮಾ.

ಇವತ್ತು ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿಸಿ ಎಲ್ಲರ ಕ್ಷಮೆ ಕೇಳುವ ದಿನ. ಬೆಳಗಿನಿಂದ ಬಸದಿಯಲ್ಲಿ ನೂರು ಜನರಿಗೆ ಕೈ ಮುಗಿದೆ. ಮನೆಗೆ ಬಂದು ಹಾಲಿನವನ ಕ್ಷಮೆ ಕೇಳಿದೆ, ನೀರು ಹಾಕುವವನು ಅವನು. ಕೇಳಲೇಬೇಕಾದವಳು ಮಾತ್ರ ಅಲಖನೂರಿನಲ್ಲಿದ್ದಾಳೆ. ಇಷ್ಟು ವರ್ಷ ಆಕೆಗೂ ಕೈ ಮುಗಿದಿದ್ದೇನೆ, ಯಾವ ತಪ್ಪಿಗೆ ಎಂದು ಬಾಯಿ ಬಿಟ್ಟಿಲ್ಲ.

ಮೊದಲು ನಿನ್ನ ಅಜ್ಜನ ಮಾತು. ಅವನು ಸುಳ್ಳು ವ್ರತಸ್ಥನಲ್ಲ. ಅವನು ಕಂದಮೂಲ ಬಿಟ್ಟದ್ದು ಒಂದು ವರ್ಷಕ್ಕೆ. ಶಿಖರಜಿಯಲ್ಲಿ ಮುನಿಗಳ ಮುಂದೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ ಇತ್ತು. ಏನು ಬಿಡುತ್ತೀ, ಎಷ್ಟು ದಿನಕ್ಕೆ ಎಂದು ಅವರು ಕೇಳುತ್ತಿದ್ದರು, ನಾವು ಮೆಲ್ಲಗೆ ಹೇಳುತ್ತಿದ್ದೆವು. ವೈನಿಯ ಹಿಂದೆ ನಾನೇ ನಿಂತಿದ್ದೆ. ಆಕೆ ಒಂದು ವರ್ಷ ಎಂದಳು. ಬೆಟ್ಟ ಇಳಿಯುವಾಗ ಅಣ್ಣ ತನ್ನದೂ ಒಂದು ವರ್ಷ ಎಂದು ನನಗೆ ಹೇಳಿದ. ಗಂಡ ಹೆಂಡತಿ ಮಾತ್ರ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ನಿಯಮದ ಮಾತು ಆಡಿ ತೋರಿಸಬಾರದು ಎಂದು ಸಂಕೋಚ.

ಊರಿಗೆ ಬಂದ ಮೇಲೆ ಕೆಲಸ ಕೆಟ್ಟಿತು. ಬಸದಿಯಲ್ಲಿ ಯಾರೋ ಉತ್ಸಾಹಿ ಎದ್ದು, ಈ ದಂಪತಿ ಆಜೀವ ಕಂದಮೂಲ ಬಿಟ್ಟಿದ್ದಾರೆ ಎಂದು ಸಾರಿ ಶಾಲು ಹೊದಿಸಿದ. ಅಣ್ಣ ವೈನಿಯ ಕಡೆ ನೋಡಿದ, ಆಕೆ ತಲೆ ತಗ್ಗಿಸಿದ್ದಳು. ಆಕೆ ಆಜೀವ ಅಂದಿರಬೇಕು ಎಂದುಕೊಂಡ. ಆಕೆಯೂ ಅವನ ಸುಮ್ಮನಿದ್ದ ಮುಖ ನೋಡಿ ಹಾಗೆಯೇ ತಿಳಿದಳು. ವರ್ಷ ತುಂಬಿದಾಗ ಆಕೆ ಬಟಾಟೆ ಬೇಯಿಸುತ್ತಾಳೇನೋ ಎಂದು ಅವನು ಕಾದ. ಅವನು ಸಂತೆಯಿಂದ ತರುತ್ತಾನೇನೋ ಎಂದು ಆಕೆ ಕಾದಳು. ಅವನು ತರಲಿಲ್ಲ, ಆಕೆ ಬೇಯಿಸಲಿಲ್ಲ.

ಆಮೇಲೆ ಇಬ್ಬರೂ ನನ್ನ ಹತ್ತಿರ ಬಂದರು. ಹೌದು, ಇಬ್ಬರೂ. ಅವನು ತಿಂಗಳಿಗೊಂದು ಗುರುವಾರ, ನನ್ನ ಮೊಣಕಾಲಿನ ನೆಪ. ಆಕೆ ಮೂರು ತಿಂಗಳಿಗೊಂದು ಮಂಗಳವಾರ, ತನ್ನ ಕಣ್ಣಿನ ನೆಪ. ವೈನಿಯ ಕಣ್ಣು ಈಗಲೂ ಹದ್ದಿನ ಕಣ್ಣು. ನನ್ನ ಮೊಣಕಾಲು ಗಟ್ಟಿ ಇವೆ, ದಿನಕ್ಕೆ ಎರಡು ಸಲ ಬಸದಿಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ನಿಮ್ಮ ಮನೆಯಿಂದ ಬಂದ ಎಣ್ಣೆಯ ಬಾಟಲಿಗಳು ಕಪಾಟಿನ ತುಂಬ ಇವೆ. ನಿನ್ನ ಅಂಗಡಿಯ ಮೊದಲ ವ್ಯಾಪಾರದ ಬಾಟಲಿಯೂ ಇದೆ. ಅವತ್ತು ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಡಾ ತಿಂದ, ಕೆಳಗೆ ಇಡಲಿಲ್ಲ. ನಾನು ಅದರ ಮುಚ್ಚಳ ತೆಗೆದಿಲ್ಲ.

“ಆಕಿಗೆ ಹೇಳಬ್ಯಾಡ ಅಕ್ಕೂ, ಪಾಪ, ಆಕಿ ಮನಸ್ಸು ನೊಂದೀತು” ಎಂದು ಅವನು. “ಅವರಿಗೆ ಹೇಳಬ್ಯಾಡ ಅಕ್ಕೂ, ಪಾಪ, ಅವರ ಮನಸ್ಸು ನೊಂದೀತು” ಎಂದು ಆಕೆ. ಒಮ್ಮೆ ಅವನು ವಾರ ತಪ್ಪಿ ಮಂಗಳವಾರವೇ ಬಂದುಬಿಟ್ಟ. ಒಳಗೆ ವೈನಿಯ ಕೈಯಲ್ಲಿ ತಾಟು. ನಾನು ಬಾಗಿಲಲ್ಲೇ ಮೊಣಕಾಲು ಹಿಡಿದುಕೊಂಡು ಕುಸಿದೆ. ಅವನನ್ನು ಹೊರಗೇ ಕೂಡಿಸಿ ಅರ್ಧ ತಾಸು ನರಳಿದೆ. ಅವನು ಹೆದರಿ ಡಾಕ್ಟರನ್ನು ಕರೆಯಲು ಓಡಿದ, ಓಡುವಾಗ ಬಾಗಿಲಲ್ಲಿದ್ದ ವೈನಿಯ ಚಪ್ಪಲಿ ಮೆಟ್ಟಿಕೊಂಡು ಓಡಿದ, ಅರ್ಧ ಹಿಮ್ಮಡಿ ಹೊರಗೆ. ಡಾಕ್ಟರು ಸಿಗಲಿಲ್ಲ. ಈಗ ನೋವು ಇಳಿಯಿತು ಎಂದು ಹೇಳಿ ಹೊರಗಿನಿಂದ ಹೊರಗೇ ಬಸ್ಸಿಗೆ ಕಳಿಸಿದೆ. ವೈನಿ ನನ್ನ ಚಪ್ಪಲಿಯಲ್ಲಿ ಹೋದಳು. ಅವತ್ತು ಆಕೆಯ ಚಪ್ಪಲಿ ಆಕೆಗಿಂತ ಮೊದಲು ಮನೆ ಮುಟ್ಟಿತ್ತು. ಅವನು ಅದನ್ನು ಯಾವುದೋ ಮದುವೆಯದು ಎಂದುಕೊಂಡು, ಮರುದಿನ ಚಿಂಚಲಿಯ ಒಂದು ಮದುವೆಮನೆಗೆ ಮುಟ್ಟಿಸಿ, ಅಲ್ಲಿಯೇ ಉಂಡು ಬಂದ.

ನೀನು ನಗಬಹುದು. ನಾನೂ ಮೊದಲ ಎರಡು ವರ್ಷ ನಗಬೇಕೆಂದೇ ಹೇಳಲಿಲ್ಲ. 1986ರಲ್ಲಿ ನನ್ನ ಯಜಮಾನರು ತೀರಿಕೊಂಡರು. ಮಕ್ಕಳಿಲ್ಲ. ಆಮೇಲೆ ನನ್ನ ಮನೆಗೆ ತಪ್ಪದೆ ಬರುತ್ತಿದ್ದವರು ಇವರಿಬ್ಬರೇ. ಹಿಂದಿನ ದಿನವೇ ಬಟಾಟೆ ಆರಿಸಿ ಇಡುತ್ತಿದ್ದೆ, ಬೆಳಗಾದರೆ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವತ್ತೇ ಅವರು ತಮ್ಮ ಮನೆಯಲ್ಲಿ ಒಂದೇ ತಾಟಿನಲ್ಲಿ ತಿನ್ನುತ್ತಿದ್ದರು. ಆಮೇಲೆ ನನ್ನಲ್ಲಿಗೆ ಯಾಕೆ ಬರುತ್ತಿದ್ದರು? ಹಬ್ಬಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ನನಗೆ ಅವರು ಬೇಕಾಗಿದ್ದರು ಮಯೂರಿ. ಅದಕ್ಕಾಗಿ ಗಂಡ ಹೆಂಡತಿಯನ್ನು ಇಷ್ಟು ವರ್ಷ ಬೇರೆ ಬೇರೆ ದಿನ ಕೂಡಿಸಿ ಉಣಿಸಿದೆ. ಇದು ನನ್ನ ತಪ್ಪು. ಬೇರೆ ಯಾರದೂ ಅಲ್ಲ.

ಅಣ್ಣ ಹೋದ ದಿನ ಹೇಳಿಬಿಡೋಣ ಎಂದೇ ಬಂದಿದ್ದೆ. ವೈನಿ ನನ್ನ ಕೈ ಹಿಡಿದು, “ಅವರಿಗೆ ಒಂದ ಸುಳ್ಳ ಹೇಳಿದ್ನಿ ಅಕ್ಕೂ, ಅದಷ್ಟ ಉಳೀತು” ಎಂದು ಅತ್ತಳು. ಹೇಳದೆಯೇ ನಿಪ್ಪಾಣಿಯ ಬಸ್ಸು ಹತ್ತಿದೆ. ಈ ವರ್ಷದ ನನ್ನ ಎರಡು ನಿಯಮವೂ ಅದಕ್ಕೇ ಹುಟ್ಟಿದವು, ಧರ್ಮಕ್ಕಲ್ಲ. ಅಕ್ಟೋಬರಿನಲ್ಲಿ ಆಕೆಯ ಎದುರು ನಿಲ್ಲಬಾರದು, ಫೋನಿನಲ್ಲಿ ಆಕೆಯ ದನಿ ಕೇಳಬಾರದು ಎಂದು.

ಆ ಸುಳ್ಳಿಗೆ ಪ್ರಾಯಶ್ಚಿತ್ತವೆಂದು ಆಕೆ ಆಜೀವ ನಿಯಮ ಹಿಡಿಯಲು ಹೊರಟಿದ್ದಾಳೆ. ಅದೇ ಸುಳ್ಳನ್ನು ಅಣ್ಣನೂ ಆಕೆಗೆ ಹೇಳಿದ್ದ ಎಂದು ಆಕೆಗೆ ತಿಳಿಯಬೇಕು. ಈ ಪತ್ರ ಆಕೆಯ ಕೈಗೆ ಕೊಡು. ಓದಿ ಹೇಳಬೇಕಾಗಿಲ್ಲ, ಕಣ್ಣು ಚೆನ್ನಾಗಿವೆ. ಆದರೂ ನೀನು ಹತ್ತಿರ ಕೂಡು.

ಅಕ್ಕುತಾಯಿ


ಅಲಖನೂರ
7 ಅಕ್ಟೋಬರ್ 2024

ಅಜ್ಜಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಆಯಿ ಬರೆಯಲು ಬಿಡಲಿಲ್ಲ.

ಪತ್ರ ಬಂದ ದಿನವೇ ಕೊಟ್ಟೆ. ಅಂಗಳದಲ್ಲಿ ಕುಳಿತು ತಾವೇ ಓದಿದರು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕಿ ಆರಿಸಲು ಕುಳಿತರು. ಮೂರನೆಯ ದಿನ ಊಟಕ್ಕೆ ಕುಳಿತಾಗ, “ನನಗ ಎರಡ ವಡಾ ಕೊಡತಿದ್ಲು ಅಕ್ಕುತಾಯಿ. ಅವರಿಗೆ ಎಷ್ಟ ಕೊಡತಿದ್ಲಂತ ಕೇಳು” ಎಂದರು. ಅಷ್ಟು ಹೇಳಿದವರಿಗೆ ಚಪ್ಪಲಿ ನೆನಪಾಯಿತು. ಆ ಚಪ್ಪಲಿಯನ್ನು ಅವತ್ತು ಅವರು ನಿಮ್ಮ ಓಣಿಯೆಲ್ಲ ಹುಡುಕಿದ್ದರಂತೆ. ನಗಲು ಶುರು ಮಾಡಿದರು, ನಕ್ಕು ನಕ್ಕು ಕೆಮ್ಮು ಬಂತು, ನೀರು ಕುಡಿಸಿದೆ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ನನ್ನ ತೊಡೆಯ ಮೇಲೆ ತಲೆ ಇಟ್ಟು ಬಹಳ ಹೊತ್ತು ಅತ್ತರು. ಅಜ್ಜ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನಾನೂ ಅತ್ತೆ. ಅಜ್ಜನ ಮೇಲಿನ ನನ್ನ ಸಿಟ್ಟು ಅವತ್ತೇ ಹೋಯಿತು.

ನಿನ್ನೆ ಪುಣ್ಯಸ್ಮರಣೆ ಚೆನ್ನಾಗಿ ಆಯಿತು. ಫ್ಲೆಕ್ಸ್ ಮೊದಲೇ ಮುದ್ರಣವಾಗಿತ್ತು. ಮತ್ತೊಂದು ಮಾಡು ಎಂದರೆ ನಿಖಿಲಣ್ಣ ಕೇಳಲಿಲ್ಲ, ‘ಆಜೀವ ಕಂದಮೂಲ ತ್ಯಾಗಿ’ಯ ಮೇಲೆ ಪಟ್ಟಿ ಅಂಟಿಸಿ ‘ಎಲ್ಲರ ಮನೆಯ ಅತಿಥಿ’ ಎಂದು ಮಾಡಿದ. ಅವನು ಬರೆದದ್ದರಲ್ಲಿ ಖರೆ ಇರುವ ಫ್ಲೆಕ್ಸ್ ಇದೊಂದೇ. ಬಂದವರೆಲ್ಲ ಅದನ್ನು ಓದಿ, ನಮ್ಮ ಮನೆಗೂ ಚಪ್ಪಲಿ ಕೊಡಲು ಬಂದಿದ್ದ ಎಂದು ಒಬ್ಬೊಬ್ಬರು ಒಂದೊಂದು ಕಥೆ ಹೇಳಿದರು.

ಮಹಾರಾಜರ ಮುಂದೆ ನಿಯಮ ತೆಗೆದುಕೊಳ್ಳುವ ಹೊತ್ತು ಬಂತು. ಆಯಿ ಎದ್ದರು. ಏನು ಹೇಳುತ್ತಾರೆಂದು ನನಗೂ ಹೇಳಿರಲಿಲ್ಲ. ಏನು ಬಿಡುತ್ತೀಯಮ್ಮ ಎಂದು ಮಹಾರಾಜರು ಕೇಳಿದರು. “ಸುಳ್ಳ ನೆಪ ಹೇಳಿ ನಿಪ್ಪಾಣಿಗೆ ಹೋಗೂದು ಬಿಟ್ಟೀನ್ರಿ” ಎಂದರು ಆಯಿ. ಎಷ್ಟು ದಿನಕ್ಕೆ ಎಂದರು. ಆಯಿ ತಿರುಗಿ ಗಂಡಸರ ಕಡೆ ನೋಡಿ, ಹಿಂದಿನ ಸಾಲಿಗೂ ಕೇಳುವಂತೆ, “ಆಜೀವ” ಎಂದರು. ಯಾರಿಗೂ ಏನೂ ತಿಳಿಯಲಿಲ್ಲ. ಶಾಲು ಹಿಡಿದು ಎದ್ದವರೊಬ್ಬರು ಹೊದಿಸಬೇಕೋ ಬೇಡವೋ ಎಂದು ಹಾಗೆಯೇ ಕುಳಿತರು.

ಆಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ಸಿಟ್ಟ ಐತಿ ಅಂತ ಬರಿ. ಇಲ್ಲಂತ ಬರೀಬ್ಯಾಡ. ದೀಪಾವಳಿ ಆದ ಮ್ಯಾಲಿನ ಗುರುವಾರ ಬರ್ತೀನಂತ ಬರಿ. ಮಂಗಳವಾರ ಅಲ್ಲ, ಅವರ ವಾರ. ಅವರು ಎಲ್ಲಿ ಕುಂದರತಿದ್ರು ಅಂತ ಕೇಳು. ನಾ ಅಲ್ಲೇ ಕುಂದರಾಕಿ.”

ಮಯೂರಿ


ನಿಪ್ಪಾಣಿ
14 ಅಕ್ಟೋಬರ್ 2024

ವೈನಿಗೆ ಅಕ್ಕುತಾಯಿಯ ನಮಸ್ಕಾರ.

ಮಯೂರಿಯ ಕೈಯಿಂದ ಬರೆಸಿದ್ದೀ, ನಾನು ನಿನಗೇ ಬರೆಯುತ್ತಿದ್ದೇನೆ. ನಿನ್ನ ಸಿಟ್ಟು ಮುಟ್ಟಿತು. ಅದನ್ನು ಇಟ್ಟುಕೊಂಡೇ ಬಾ. ಚಾತುರ್ಮಾಸ ಮುಗಿದಿರುತ್ತದೆ, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಅವನಿಗೆ ನಾಲ್ಕು ಹಾಕುತ್ತಿದ್ದೆ. ಮೂರು ತಿನ್ನುತ್ತಿದ್ದ. ನಾಲ್ಕನೆಯದನ್ನು ಪ್ರತಿ ಸಲ ಕಾಗದದಲ್ಲಿ ಸುತ್ತಿ, “ಆಕಿಗೆ ಒಂದ ಒಯ್ಯಾಕ ಬರೂಹಂಗಿದ್ರ” ಅನ್ನುತ್ತಿದ್ದ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು, ಮತ್ತೆ ಬಿಚ್ಚಿ ತಾಟಿನಲ್ಲಿಟ್ಟು ಏಳುತ್ತಿದ್ದ. ಅದನ್ನು ಅವನು ಹೋದ ಮೇಲೆ ನಾನು ತಿನ್ನುತ್ತಿದ್ದೆ. ಅದು ನಿನ್ನದು, ವೈನಿ. ಬಂದ ದಿನ ಮೊದಲು ಅದನ್ನೇ ಕೊಡುತ್ತೇನೆ.

ಅವನು ಕೂಡುತ್ತಿದ್ದದ್ದು ಅಡುಗೆಮನೆಯ ಬಾಗಿಲ ಬಳಿ, ಎಡಗಡೆ, ಗೋಡೆಗೆ ಬೆನ್ನು ಕೊಟ್ಟು. ನೀನು ಕೂಡುವ ಅದೇ ಮಣೆಯ ಮೇಲೆ. ನನ್ನ ಮನೆಯಲ್ಲಿ ಮಣೆ ಇರುವುದು ಒಂದೇ.

ಗುರುವಾರ ನೀನು ಅದರ ಮೇಲೆ ಕೂಡು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂಡುತ್ತೇನೆ. ಮೊಣಕಾಲು ಗಟ್ಟಿ ಇವೆ.

ಅಕ್ಕುತಾಯಿ